ಹೇವರ್ಡ್ ಬಿರುಕಿನ ಜತೆ ಒಂದು ಮಾತುಕತೆ

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ಮೆಮೋರಿಯಲ್ ಸ್ಟೇಡಿಯಮ್ಮಿಗೆ ಒತ್ತಿಕೊಂಡಂತೆ ಆಟಗಾರರ ತರಬೇತಿ ಕಟ್ಟಡ ಎಬ್ಬಿಸಲು, ಆಮೇಲೆ ಸ್ಟೇಡಿಯಮ್ಮನ್ನೇ ಹೊಸದು ಮಾಡಲು ಹೊರಟಿತು. 2006ರ ಡಿಸೆಂಬರಿನಲ್ಲಿ ಮೇಲಿನ ಗುಡ್ಡದ ಮನೆಯವರು, ನಗರಾಡಳಿತ, ಓಕ್ ಮರಗಳ ಪರವಾದ ಸಂಸ್ಥೆ ಎಲ್ಲರೂ ಕೋರ್ಟಿಗೆ ಹೋದರು. ಎರಡೂ ಕಡೆಯ ವಕೀಲರು ಮಾತುಮಾತಿಗೆ ಒಬ್ಬರ ಹೆಸರು ಎತ್ತುತ್ತಿದ್ದರು. ಸಾಕ್ಷಿಕಟ್ಟೆಗೆ ಮಾತ್ರ ಅವರನ್ನು ಕರೆಯಲಿಲ್ಲ. ಮೈದಾನದ ಅಡಿಯಲ್ಲೇ ಮಲಗಿರುವ ಆ ಹಿರಿಯರು, ಅಂದರೆ ಭೂಕಂಪ ಎಬ್ಬಿಸುವ ಹೇವರ್ಡ್ ಬಿರುಕು, ನಮಗೆ ಬಿಡುವು ಮಾಡಿಕೊಟ್ಟರು.

ಪ್ರಶ್ನೆ: ನಮಸ್ಕಾರ ಯಜಮಾನ್ರೇ. ತಾವು ಇರುವುದು ಸ್ಟೇಡಿಯಮ್ಮಿನ ಪಕ್ಕದಲ್ಲೋ, ಕೆಳಗೋ?

ಬಿರುಕು: ನಾನಿರುವುದು ನನ್ನ ಜಾಗದಲ್ಲಿ. ಸ್ಟೇಡಿಯಂ ಬಂದು ನನ್ನ ಮೇಲೆ ಕೂತಿದೆ, 1923ರಿಂದ. ಈ ಗೋಲ್‌ಪೋಸ್ಟಿನಿಂದ ಆ ಗೋಲ್‌ಪೋಸ್ಟಿನವರೆಗೆ ನಾನೇ. ಅಷ್ಟುದ್ದ ಓಡಿ ತಲುಪಿದ ಆಟಗಾರನಿಗೆ ಚಪ್ಪಾಳೆ ಹೊಡೆಯುತ್ತಾರೆ.

ಪ್ರಶ್ನೆ: ಸುಮ್ಮನೆ ಮಲಗಿದ್ದೀರೋ, ಇಲ್ಲ…

ಬಿರುಕು: ವರ್ಷಕ್ಕೆ ನಾಲ್ಕೈದು ಮಿಲಿಮೀಟರ್ ಸರಿಯುತ್ತೇನೆ. ರಿಪೇರಿಗೆ ಮೊದಲು ಸ್ಟೇಡಿಯಮ್ಮಿನ ಕೆಕೆ ಸೀಟು ವಿಭಾಗಕ್ಕೆ ಹೋಗಿ ನೋಡಬೇಕಿತ್ತು ನೀವು. ಕಾಂಕ್ರೀಟ್ ಗೋಡೆಯ ಸಂದು ಬಾಯಿಬಿಟ್ಟು ಕೈ ತೂರುವಷ್ಟಾಗಿತ್ತು. ಗೋಡೆಯ ಈಚೆ ತುದಿಗೂ ಆಚೆ ತುದಿಗೂ ತಾಳೆಯೇ ಇರಲಿಲ್ಲ. ಯಾವ ಗಡಿಬಿಡಿಯೂ ಇಲ್ಲದೆ ಮಾಡಿದ ಕೆಲಸ ಅದು.

ಪ್ರಶ್ನೆ: ಗುಡ್ಡದ ಮನೆಯವರು ನಿಮ್ಮ ಹೆಸರಲ್ಲಿ ಕೇಸು ಹಾಕಿದ್ದು ಖುಷಿಯೇ?

ಬಿರುಕು: ಅವರ ಸಂಕಟ ಸುಳ್ಳಲ್ಲ ಸ್ವಾಮಿ. ಅವರಿರುವ ಪ್ಯಾನರಾಮಿಕ್ ಹಿಲ್ಲಿಗೆ ಹತ್ತಿ ಇಳಿಯಲು ಇರುವುದೊಂದು ಕಿರಿದಾದ ದಾರಿ. ಮ್ಯಾಚಿನ ದಿನ ಸಾವಿರಾರು ಜನ, ಕಾರು, ಗದ್ದಲ. ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಹೇಗೆ ಬಂದೀತು? ಆದರೆ ಪಾರ್ಕಿಂಗ್ ತೊಂದರೆ ಅಂದರೆ ನ್ಯಾಯಾಧೀಶರ ಹುಬ್ಬು ಏರುವುದಿಲ್ಲ, ಭೂಕಂಪ ಅಂದರೆ ಏರುತ್ತದೆ. ಹಾಗಾಗಿ ಮುಂದಿನ ಬೆಂಚಿಗೆ ನನ್ನನ್ನು ತಳ್ಳಿದರು. ಮನೆ ಮಾತ್ರ ನನ್ನಿಂದ ಕೂಗಳತೆಯಲ್ಲೇ ಕಟ್ಟಿಕೊಂಡಿದ್ದಾರೆ, ಅದರ ಬಗ್ಗೆ ಕೇಸಿಲ್ಲ.

ಪ್ರಶ್ನೆ: ತರಬೇತಿ ಕಟ್ಟಡಕ್ಕಾಗಿ ಓಕ್ ತೋಪು ಕಡಿಯಬೇಡಿ ಎಂದು ಮರ ಹತ್ತಿ ಕೂತವರು?

ಬಿರುಕು: ಅವರ ಬಗ್ಗೆ ತಮಾಷೆ ಬೇಡ. 2006ರ ಡಿಸೆಂಬರಿನಿಂದ 2008ರ ಸೆಪ್ಟೆಂಬರಿನವರೆಗೆ ಕೊಂಬೆಗಳ ಮೇಲೇ ಸಂಸಾರ. ಒಂದು ದಿನ 90 ವರ್ಷದ ಸಿಲ್ವಿಯಾ ಮೆಕ್‌ಲಾಫ್ಲಿನ್, 86ರ ನಗರಸಭಾ ಸದಸ್ಯೆ ಬೆಟಿ ಓಲ್ಡ್ಸ್, ಮಾಜಿ ಮೇಯರ್ ಶರ್ಲಿ ಡೀನ್ ಮೂವರೂ ಮರ ಹತ್ತಿದರು. ವಿಶ್ವವಿದ್ಯಾಲಯ ತೋಪಿನ ಸುತ್ತ ಬೇಲಿ ಹಾಕಿತು. ಆ ಮರಗಳಲ್ಲಿ ಹೆಚ್ಚಿನವು ಸ್ಟೇಡಿಯಂ ಕಟ್ಟಿದ ಮೇಲೆ ನೆಟ್ಟವು, ಪುರಾತನ ಏನಲ್ಲ ಎಂದೂ ವಾದಿಸಿತು. ಇರಬಹುದು. ಎಂಬತ್ತು ವರ್ಷದ ಮರ ಪುರಾತನವಲ್ಲ, ಎಂಬತ್ತು ವರ್ಷದ ಸ್ಟೇಡಿಯಂ ಮಾತ್ರ ಪರಂಪರೆ!

ಪ್ರಶ್ನೆ: ಕಾನೂನು ನಿಮ್ಮ ಪರವಾಗಿತ್ತಲ್ಲವೇ?

ಬಿರುಕು: 1972ರ ಆಲ್ಕ್ವಿಸ್ಟ್–ಪ್ರಿಯೊಲೊ ಕಾಯ್ದೆ. ಜೀವಂತ ಬಿರುಕಿನ ಮೇಲೆ ಹೊಸ ಕಟ್ಟಡ ಕೂಡದು. ಹಳೆಯದಿದ್ದರೆ ಅದರ ಬೆಲೆಯ ಅರ್ಧಕ್ಕಿಂತ ಹೆಚ್ಚು ಸುರಿದು ಮಾರ್ಪಡಿಸಕೂಡದು. ನೆಟ್ಟಗೇ ಬರೆದಿದ್ದಾರೆ. ಹಾಗಾಗಿ ತರಬೇತಿ ಕಟ್ಟಡ ಸ್ಟೇಡಿಯಮ್ಮಿನ ಭಾಗವೋ, ಬರೀ ನೆರೆಹೊರೆಯೋ ಎಂಬುದೇ ದೊಡ್ಡ ಪ್ರಶ್ನೆ ಆಯಿತು. ನಕ್ಷೆಯಲ್ಲಿ ಹಳೆಯ ಗೋಡೆಗೆ ಆಸರೆಯಾಗಿ ಒಂದು ತೊಲೆ ಇತ್ತು. ಅದು ಸ್ಟೇಡಿಯಮ್ಮಿನ ಮಾರ್ಪಾಡು ಆಗುತ್ತದೆ ಎಂದು ಕೋರ್ಟು ಹೇಳಿದ್ದೇ ತಡ, ನಕ್ಷೆಯಿಂದ ತೊಲೆಯೇ ಮಾಯ. ಈಗ ಎರಡೂ ಬೇರೆ ಬೇರೆ ಕಟ್ಟಡ! ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಉಣ್ಣುತ್ತ ರೇಷನ್ ಕಾರ್ಡಿಗೆ ಮಾತ್ರ ಪಾಲಾದ ಹಾಗೆ.

(ಇಲ್ಲಿ ನಮ್ಮ ಟೀ ಕಪ್ಪು ಸಣ್ಣಗೆ ಕುಲುಕಿತು. ನಕ್ಕರೋ ಏನೋ.)

ಪ್ರಶ್ನೆ: ಕೊನೆಗೆ ಕಟ್ಟಿಯೇಬಿಟ್ಟರು.

ಬಿರುಕು: ಹೌದು, ಮರ ಕಡಿದು. ಸ್ಟೇಡಿಯಂ ರಿಪೇರಿಗೇ 32.1 ಕೋಟಿ ಡಾಲರ್. 2012ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದು, ಮೊದಲ ಮ್ಯಾಚಿನಲ್ಲೇ ನೆವಾಡಾ ಕೈಯಲ್ಲಿ ಸೋತರು. ಅದಕ್ಕೆ ನಾನು ಹೊಣೆಯಲ್ಲ. ಎಂಜಿನಿಯರುಗಳ ಬಗ್ಗೆ ಗೌರವವಿದೆ: ನನ್ನ ಮೇಲೆ ಬರುವ ಸೀಟುಗಳ ಭಾಗವನ್ನು ಬಿಡಿಬಿಡಿ ತುಂಡು ಮಾಡಿ, ನಾನು ಹೊರಳಿದರೆ ಅವೂ ಜಾರಲಿ ಎಂದು ಕೆಳಗೆ ಮರಳು, ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ನನ್ನ ಮಾತನ್ನು ಕಿವಿಗೆ ಹಾಕಿಕೊಂಡವರು ಅವರಷ್ಟೇ. ವಿಶ್ವವಿದ್ಯಾಲಯದ ಹಣಕಾಸಿನವರು ದಶಕಗಟ್ಟಲೆಯ ಸೀಟಿನ ಹಕ್ಕು ಶ್ರೀಮಂತರಿಗೆ ಮಾರಿ ಸಾಲ ತೀರಿಸುತ್ತೇವೆ ಅಂದಿದ್ದರು. ಅಷ್ಟು ಸೀಟು ಹೋಗಲಿಲ್ಲ. 40 ಕೋಟಿ ಡಾಲರಿಗೂ ಮಿಕ್ಕಿದ ಸಾಲ ತಲೆ ಮೇಲೆ ಬಿತ್ತು.

ಪ್ರಶ್ನೆ: ಗೆದ್ದವರು ಯಾರೂ ಇಲ್ಲವೇ?

ಬಿರುಕು: ಇದ್ದಾರೆ. ಪಕ್ಕದ ಟೈಟ್‌ವಾಡ್ ಹಿಲ್ ಮೇಲೆ ಕೂತು ಬಿಟ್ಟಿಯಾಗಿ ಮ್ಯಾಚ್ ನೋಡುವ ಮಂದಿ. ಪೂರ್ವದ ಸೀಟು ಎತ್ತರಿಸಿದರೆ ನೋಟ ಮುಚ್ಚುತ್ತದೆ ಎಂದು ಅವರೂ ಕೇಸು ಹಾಕಿ ರಾಜಿಯಾದರು. ಟಿಕೆಟ್ಟಿಲ್ಲ, ಸಾಲವಿಲ್ಲ.

ಪ್ರಶ್ನೆ: ನಿಮ್ಮದೇನಾದರೂ ದೂರು?

ಬಿರುಕು: ಒಂದಿದೆ. 1868ರ ಅಕ್ಟೋಬರ್ 21ರಂದು ನಾನು ಕೊಟ್ಟ ಪೆಟ್ಟನ್ನು ಸ್ಯಾನ್ ಫ್ರಾನ್ಸಿಸ್ಕೋದ ಮಹಾಭೂಕಂಪ ಎಂದೇ ಕರೆಯುತ್ತಿದ್ದರು. 1906ರಲ್ಲಿ ನಮ್ಮ ದೊಡ್ಡಣ್ಣ ಸ್ಯಾನ್ ಆಂಡ್ರಿಯಾಸ್ ಆ ಬಿರುದನ್ನೂ ಹೊಡೆದುಕೊಂಡ. ಸಾಲದ್ದಕ್ಕೆ ಹೇವರ್ಡ್ ಊರಿನಲ್ಲಿ ನಾನು ವರ್ಷಗಟ್ಟಲೆ ಓರೆ ಮಾಡಿದ್ದ ಫುಟ್‌ಪಾತಿನ ಅಂಚುಗಲ್ಲನ್ನು, ಭೂವಿಜ್ಞಾನಿಗಳು ಬಂದು ಬಂದು ಫೋಟೊ ಹಿಡಿಯುತ್ತಿದ್ದುದನ್ನು, 2016ರಲ್ಲಿ ನಗರಸಭೆಯವರು ಗೊತ್ತಿಲ್ಲದೆ ಕಿತ್ತು ನೆಟ್ಟಗೆ ಕಟ್ಟಿಬಿಟ್ಟರು!

ಪ್ರಶ್ನೆ: ಛೇ. ಮತ್ತೆ ಯಾವಾಗ ದೊಡ್ಡದಾಗಿ ಏಳುತ್ತೀರಿ?

ಬಿರುಕು: ಲೆಕ್ಕದವರು ಸರಾಸರಿ ಒಂದೂವರೆ ಶತಮಾನಕ್ಕೊಮ್ಮೆ ಅನ್ನುತ್ತಾರೆ. ಕೂಡಿಸಿ ನೋಡಿ. ಆದರೆ ಭಾನುವಾರ ಬಂದರೆ ಒಳ್ಳೆಯದು. ಮ್ಯಾಚು ಸಾಮಾನ್ಯವಾಗಿ ಶನಿವಾರ.