ಪರೋಕ್ಷ ಮಾಲೀಕ, ಪ್ರತ್ಯಕ್ಷ ಕಾರು: ಒಂದು ಬಹುಶಿಸ್ತೀಯ ಅನುಸಂಧಾನ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ಮಾಲೀಕನಿಗೂ ಹಳೇ ಮೈಸೂರು ಸೀಮೆಯ ಒಂದು ಬಡಾವಣೆಯಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಅವನ 2010ರ ಕಾರಿಗೂ ನಡುವಣ ಗೈರುಹಾಜರಿಯ ಸಂಕಥನವನ್ನು ತಾತ್ವಿಕ, ಚಾರಿತ್ರಿಕ ಹಾಗೂ ಸಾಂಸ್ಕೃತಿಕ ನೆಲೆಗಳಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶವಾಗಿದೆ. ನೆಲೆಯಿಲ್ಲದ ಪ್ರಬಂಧ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮೂರನ್ನು ಮೊದಲೇ ಹಾಕಿದ್ದೇನೆ. ಆಕರಗಳು: 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ನಿಯಮಗಳು, ಮಾಲೀಕನೂ ನನ್ನ ಭಾವಮೈದುನನೂ ಆದವನ ವಾಟ್ಸಾಪ್ ಸಂದೇಶಗಳು. ಪರಿಮಿತಿ: ಸಂಶೋಧಕನ ರಕ್ತದೊತ್ತಡ.

ಅಧ್ಯಾಯ 1: ಪಾತ್ರ ವರ್ಗೀಕರಣ

ಅ) ಪರೋಕ್ಷ ಮಾಲೀಕ. ಆರ್‌ಸಿಯಲ್ಲಿ ಇರುತ್ತಾನೆ, ಊರಲ್ಲಿ ಇರುವುದಿಲ್ಲ. ಲಕ್ಷಣವಾಕ್ಯ: "ಎಲ್ಲಾ ಆನ್‌ಲೈನ್‌ನಲ್ಲೇ ಆಗತ್ತಲ್ಲ ಭಾವ."

ಆ) ಪ್ರತ್ಯಕ್ಷ ಕೀಲಿಧಾರಿ. ಊರಲ್ಲಿ ಇರುತ್ತಾನೆ, ಆರ್‌ಸಿಯಲ್ಲಿ ಇರುವುದಿಲ್ಲ. ಭಾವ, ಚಿಕ್ಕಪ್ಪ, ಎದುರುಮನೆಯವರು ಮುಂತಾದ ಪ್ರಭೇದಗಳುಂಟು. ಸಂಶೋಧಕನು ಈ ವರ್ಗಕ್ಕೆ ಸೇರಿದವನು.

ಇ) ಮಧ್ಯಮಪುರುಷ, ಅರ್ಥಾತ್ ಬ್ರೋಕರ್. ವ್ಯಾಕರಣದಲ್ಲಿ ಎದುರಿಗಿರುವವನು, ಆರ್‌ಟಿಓ ಗೇಟಿನಲ್ಲಿ ಎಲ್ಲೆಲ್ಲೂ ಇರುವವನು.

ಈ) ಇಲ್ಲಿಂದ ಮುಂದಿನ ಉಪವರ್ಗಗಳನ್ನು ಕೈಬಿಡಲಾಗಿದೆ. ಕಾರಿನ ಬ್ಯಾಟರಿ ಮತ್ತೆ ಕೂತಿದೆ, ಮೆಕ್ಯಾನಿಕ್ ಬಂದು ಕಾಯುತ್ತಿದ್ದಾನೆ.

ಅಧ್ಯಾಯ 2: ಧೂಮಮೀಮಾಂಸೆ

ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸಿದವರು ನಮ್ಮ ತಾರ್ಕಿಕರು. ಕಾನೂನು ಅವರಿಗಿಂತ ಒಂದು ಹೆಜ್ಜೆ ಮುಂದೆ: ಹೊಗೆಯಿಲ್ಲ ಎಂಬುದಕ್ಕೂ ಪ್ರಮಾಣ ಬೇಕು. ಬಿಎಸ್-4 ಮತ್ತು ಆಮೇಲಿನ ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್. ನಮ್ಮದು ಬಿಎಸ್-3. ತಿಂಗಳುಗಟ್ಟಲೆ ಉಸಿರೆತ್ತದ ಈ ಕಾರು, ತಾನು ಹೊಗೆಯುಗುಳುವುದಿಲ್ಲ ಎಂದು ಸಾಬೀತು ಮಾಡಲು ಸೆಂಟರಿನವರೆಗೆ ಹೋಗಬೇಕು. ಹೋಗಿಬರುವಾಗ ಉಗುಳಿದ್ದೇ ಅದರ ಆರು ತಿಂಗಳ ಹೊಗೆ. ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೆ ಟೆಸ್ಟಿಗೆ ಹೋಗುವ ದಾರಿಯಲ್ಲೇ ದಂಡ ಬೀಳಬಹುದು.

ವಿಮೆಯ ಪ್ರಶ್ನೆ ಇನ್ನೂ ಗಹನ. ಕಾಯ್ದೆಯ 146ನೇ ಕಲಂ ಥರ್ಡ್ ಪಾರ್ಟಿ ವಿಮೆಯನ್ನು ಸಾರ್ವಜನಿಕ ಸ್ಥಳದ ಬಳಕೆಗೆ ಕಡ್ಡಾಯ ಮಾಡುತ್ತದೆ. ನಮ್ಮ ಮಾವನವರ ಕಾಂಪೌಂಡಿನಲ್ಲಿ ಕಾರಿನ ಮೂತಿ ಖಾಸಗಿ ಸ್ಥಳದಲ್ಲಿದೆ, ಡಿಕ್ಕಿ ಸಾರ್ವಜನಿಕ ಸ್ಥಳದಲ್ಲಿದೆ. ಅರ್ಧ ಕಾರಿಗೆ ವಿಮೆ ಮಾಡುವವರು ಯಾರೂ ಸಿಗಲಿಲ್ಲ.

ಅಧ್ಯಾಯ 3: ಓಟಿಪಿಯ ಅನುಪಲಬ್ಧಿ

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅರ್ಜಿ ಹಾಕಲು ಪೋರ್ಟಲ್ ತೆರೆದರೆ ಓಟಿಪಿ ಹೋದದ್ದು ಆರ್‌ಸಿಯಲ್ಲಿದ್ದ ನಂಬರಿಗೆ. ಆ ಸಿಮ್ಮಿಗೆ ಭಾವಮೈದುನ ರೀಚಾರ್ಜ್ ಮಾಡಿಸದೆ ಬಿಟ್ಟು ಕಾಲವಾಗಿದೆ. ಕಂಪನಿಯವರು ನಂಬರನ್ನು ಬೇರೆಯವರಿಗೆ ಕೊಟ್ಟಿದ್ದಾರೆ. ಫೋನ್ ಮಾಡಿ "ಸ್ವಾಮಿ, ಒಂದು ಓಟಿಪಿ ಬಂದಿರಬೇಕು" ಎಂದೆ. ಅವರು ನನ್ನನ್ನು ಸೈಬರ್ ಕಳ್ಳನೆಂದು ತಿಳಿದು ಬೈದರು. ಅವರದ್ದು ತಪ್ಪಿಲ್ಲ.

ಪೋರ್ಟಲ್‌ನಲ್ಲಿ ನಂಬರು ಬದಲಿಸೋಣವೆಂದರೆ ಆಧಾರ್ ಓಟಿಪಿ ಕೇಳಿತು. ಆಧಾರಿಗೆ ಜೋಡಿಸಿದ್ದೂ ಅದೇ ನಂಬರು. ಆಧಾರ್ ಕೇಂದ್ರದಲ್ಲಿ ವಿಚಾರಿಸಿದರೆ ಮಾಲೀಕರೇ ಬಂದು ಬೆರಳೊತ್ತಬೇಕು ಎಂದರು. ಬೆರಳು ನ್ಯೂಜೆರ್ಸಿಯಲ್ಲಿದೆ.

ಅಧ್ಯಾಯ 4: ಚಾಸಿಸ್ ಶಾಸನಾಧ್ಯಯನ

ಶಾಸನತಜ್ಞ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ಹೊರಬಂದದ್ದು 1886ರಲ್ಲಿ. ಪಡಿಯಚ್ಚಿನ ಆ ವಿದ್ಯೆ ಇಂದಿಗೂ ಬಾನೆಟ್ಟಿನ ಕೆಳಗೆ ಜೀವಂತವಾಗಿರುವುದು ಕನ್ನಡ ಸಂಸ್ಕೃತಿಯ ಹೆಮ್ಮೆ. ಪೋರ್ಟಲ್ ಕೈಕೊಟ್ಟ ಮೇಲೆ ಬ್ರೋಕರ್‌ನನ್ನು ಹಿಡಿದೆವು. ಅರ್ಜಿಗಾಗಿ ಚಾಸಿಸ್ ನಂಬರಿನ ಧೂಳು ಒರೆಸಿ, ತೆಳು ಹಾಳೆ ಒತ್ತಿಹಿಡಿದು ಪೆನ್ಸಿಲ್ ಉಜ್ಜಬೇಕು. ಅಂಕಿಗಳು ಬೆಳ್ಳಗೆ ಎದ್ದು ಬರಬೇಕು. ಕೊನೆಯ ಅಂಕಿ ತುಕ್ಕು ಹಿಡಿದು ಮೂರೋ ಎಂಟೋ ಎಂಬ ಪಾಠಾಂತರ ಹುಟ್ಟಿತು. ಬ್ರೋಕರ್ ಬೆರಳಿಗೆ ಎಂಜಲು ಹಚ್ಚಿ ಒರೆಸಿ, "ಎಂಟೇ ಸಾರ್" ಎಂದು ಪಾಠ ನಿರ್ಣಯಿಸಿದ. ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತ್ತು. ಅದನ್ನು ಕಟ್ಟಲು ಮಾವನವರೇ ಬಂದಿದ್ದರು. ಆರ್‌ಟಿಓ ಕಿಟಕಿಯೊಳಗಿಂದ ಪ್ರಶ್ನೆ ಬಂತು:

"ಓನರ್ ಎಲ್ಲಿ?"

"ಅಮೆರಿಕದಲ್ಲಿದ್ದಾರೆ. ಇವರು ಅವರ ತಂದೆ."

"ತಂದೆ ಓನರ್ ಅಲ್ವಲ್ಲ. ಓನರ್‌ನ ಕರ್ಕೊಂಡ್ ಬನ್ನಿ."

ಇಲ್ಲಿ ತಾತ್ವಿಕ ನೆಲೆ ಕುಸಿಯಿತು, ಕ್ಷಮಿಸಿ. ವರ್ಷವರ್ಷ ವಿಮೆ ಕಟ್ಟಿದವರು ಇವರು. ಇಲಿ ಕಡಿದ ವೈರಿಂಗ್ ಮಾಡಿಸಿದವರು ಇವರು. ಕೂತ ಟೈರಿಗೆ ಗಾಳಿ ಹಾಕಿಸಿದವರು ಇವರು. ಮಂಡಿನೋವಿನಲ್ಲಿ ಬೆಳಗಿನಿಂದ ಕಿಟಕಿಯ ಕಂಬಿ ಹಿಡಿದು ನಿಂತವರೂ ಇವರೇ. ಆದರೆ ಓನರ್ ಅಲ್ಲ. ಇನ್ನು ಓನರ್ ಮಹಾಶಯ ಡಿಸೆಂಬರಿನಲ್ಲಿ ಬಂದರೆ, ಕಾರಿನಲ್ಲಿ ಏನೋ ವಾಸನೆ ಎಂದು ಕ್ಯಾಬ್ ಕರೆಸುತ್ತಾನೆ. ಮಾರೋಣವೆಂದರೆ ಅತ್ತೆ ಒಪ್ಪುವುದಿಲ್ಲ: "ಅವನು ಬಂದಾಗ ಓಡಾಡೋಕೆ ಬೇಕಲ್ಲಪ್ಪ." ಈ ಒಂದು ಮಾತಿಗೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ. ಮಗ ವರ್ಷಕ್ಕೊಮ್ಮೆ ಓಡಿಸಲೆಂದು ಅಪ್ಪ ವರ್ಷವಿಡೀ ಓಡುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಹೀಗೆ ಓಡುತ್ತಿರುವ ಅಪ್ಪ ಇವರೊಬ್ಬರೇ ಅಲ್ಲ. ಕಾರಿಲ್ಲದ ಮನೆಯಲ್ಲಿ ಸೈಟಿನ ಕಂದಾಯ, ಸೈಟಿಲ್ಲದ ಮನೆಯಲ್ಲಿ ಬ್ಯಾಂಕಿನ ಕೆವೈಸಿ. ದೂರದ ಮಕ್ಕಳು ಕಾಗದದಲ್ಲಾದರೂ ಊರಲ್ಲಿರಲಿ ಎಂದು ಮುದುಕರು ಸಾಲಿನಲ್ಲಿ ನಿಲ್ಲುತ್ತಾರೆ. ಆ ಕಾಗದವೂ ಅವರನ್ನೇ "ನೀವ್ಯಾರು" ಎಂದು ಕೇಳುತ್ತದೆ.

ಉಪಸಂಹಾರ

ಬ್ರಿಟನ್ನಿನಲ್ಲಿ, ಈ ಗಾಡಿಯನ್ನು ರಸ್ತೆಗಿಳಿಸುವುದಿಲ್ಲ ಎಂದು ಮಾಲೀಕ ಘೋಷಿಸಿ ಅದನ್ನು ಖಾಸಗಿ ಜಾಗದಲ್ಲಿ ನಿಲ್ಲಿಸಿದರೆ ತೆರಿಗೆಯೂ ಬೇಡ, ವಿಮೆಯೂ ಬೇಡ. ಮತ್ತೆ ಇಳಿಸುವಾಗ ಎಲ್ಲ ಸರಿಮಾಡಿಕೊಂಡರಾಯಿತು. ನಿಂತ ಕಾರನ್ನು ನಿಂತಿದೆ ಎಂದು ನಂಬುವ ಅಂಥದೊಂದು ಸರಳ ಫಾರಂ ನಮ್ಮಲ್ಲೂ ಬರಲಿ. ಜೊತೆಗೆ, ಓಟಿಪಿಯನ್ನು ವಿದೇಶದ ನಂಬರಿಗೂ ಕಳಿಸುವ ಕೃಪೆಯಾಗಲಿ.

ಅಲ್ಲಿಯವರೆಗೆ, ಪರೋಕ್ಷ ಮಾಲೀಕರೇ, ಮಾರಿಬಿಡಿ. ಅಮ್ಮನಿಗೆ ನೀವೇ ಫೋನ್ ಮಾಡಿ ಹೇಳಿ, ಆ ಕೆಲಸವನ್ನಾದರೂ ಭಾವನಿಗೆ ಬಿಡಬೇಡಿ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕಳಿಸಿ. ಸಹಿ ಮಾತ್ರ 2010ರಲ್ಲಿ ಹಾಕಿದ ಹಾಗೆಯೇ ಇರಲಿ, ಇಲ್ಲದಿದ್ದರೆ ಐದನೆಯ ಅಧ್ಯಾಯ ಬರೆಯಬೇಕಾಗುತ್ತದೆ.