ಇದೊಂದು ಚಳಿನಾ ಸಾರ್?

ಧನುರ್ಮಾಸದ ಬೆಳಗಿನ ಜಾವ ಕೆಜಿಎಫ್‌ನಿಂದ ಬಂಗಾರಪೇಟೆಗೆ ಹೋಗುವ ರಸ್ತೆಯ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಈ ತಳಿ ಕಣ್ಣಿಗೆ ಬೀಳದೆ ಇರುವುದಿಲ್ಲ. ಮೊದಲು ಶಬ್ದ ಬರುತ್ತದೆ. ಆಮೇಲೆ ಮಂಜಿನೊಳಗಿಂದ ಒಂದು ಮಂಕು ಹೆಡ್‌ಲೈಟು. ಅದರ ಹಿಂದೆ ಒಂದು ಬಟ್ಟೆಯ ಗಂಟು. ಗಂಟು ದಾಟಿಹೋದ ಮೇಲೆ ಹೊಗೆ.

ಗಂಟನ್ನು ಬಿಚ್ಚಿ ನೋಡಿದರೆ ತಲೆಗೆ ಮಂಕಿ ಕ್ಯಾಪ್, ಅದರ ಮೇಲೆ ಹೆಲ್ಮೆಟ್. ಮಂಕಿ ಕ್ಯಾಪಿನ ದಪ್ಪಕ್ಕೆ ಹೆಲ್ಮೆಟ್ ಪೂರ್ತಿ ಇಳಿಯದೆ ನೆತ್ತಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಕತ್ತಿಗೆ ಹೆಂಡತಿಯ ಹಳೇ ಶಾಲು. ಮೈಗೆ ಸ್ವೆಟರು, ಅದರ ಮೇಲೆ ಕೋಟು, ಕೋಟಿನ ಮೇಲೆ ಮಳೆಗಾಲದ ರೇನ್‌ಕೋಟು. ಕೈಗೆ ಗ್ಲೌಸು ಅಲ್ಲ, ಕಾಲುಚೀಲ. ಕ್ಲಚ್ ಹಿಡಿಯಬೇಕಾದರೆ ಐದು ಬೆರಳೂ ಒಟ್ಟಿಗೆ ಒಂದು ತೀರ್ಮಾನಕ್ಕೆ ಬರಬೇಕು. ಇಷ್ಟೆಲ್ಲದರ ಒಳಗಿಂದ, ಹಲ್ಲು ಕಟಕಟ ಎನ್ನುತ್ತಿರುವಾಗಲೇ, ಒಂದು ದನಿ ಹೊರಗೆ ಬರುತ್ತದೆ: "ಇದೊಂದು ಚಳಿನಾ ಸಾರ್?"

ಈ ಜಾತಿಯವರು ಎಲ್ಲ ಊರಲ್ಲೂ ಇದ್ದಾರೆ. ನನ್ನ ಪಾಲಿಗೆ ಬಂದವರು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಎದುರು ಮನೆಯಲ್ಲೇ ಇದ್ದಾರೆ. ಬೀದಿಯಲ್ಲಿ ಎಲ್ಲರೂ ಅವರನ್ನು ಯೆಜ್ಡಿ ಅಣ್ಣ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ, ಬೇರೆ ಹೆಸರುಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೇನೆ.

2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಈ ಊರಿನ ದೊಡ್ಡ ಕಸುಬೆಂದರೆ ಬೆಂಗಳೂರಿಗೆ ಹೋಗಿ ಬರುವುದು. ಕತ್ತಲಲ್ಲಿ ರೈಲು ಹತ್ತಿ ಕತ್ತಲಲ್ಲೇ ಇಳಿಯುವವರು ಸಾವಿರಾರು ಜನ. ಯೆಜ್ಡಿ ಅಣ್ಣನೂ ಅವರಲ್ಲೊಬ್ಬರು. ಹಾಗಿದ್ದಮೇಲೆ ಮಾರಿಕುಪ್ಪಂನಿಂದಲೇ ರೈಲಿದೆಯಲ್ಲ, ಮನೆ ಹತ್ತಿರವೇ ಹತ್ತಬಾರದೇ? ಬಾರದು. ಬ್ರಿಟಿಷರು ಚಿನ್ನಕ್ಕೋಸ್ಕರ 1894ರಲ್ಲಿ ಹಾಕಿದ ಆ ಕವಲು ದಾರಿಯ ಮೇಲೆ ಅಣ್ಣನಿಗೆ ಹಳೆಯ ಮುನಿಸು. "ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ ಅಂತ ಎಲ್ಲಾ ಕಡೆ ನಿಂತ್ಕೊಂಡು ಹೋಗತ್ತೆ ಸಾರ್. ಅಷ್ಟರಲ್ಲಿ ನಾನು ಬಂಗಾರಪೇಟೆ ಸೇರಿ ಟೀ ಕುಡಿದು ಮುಗಿಸಿರ್ತೀನಿ. ಅಲ್ಲಿಂದ ಬೇಕಾದಷ್ಟು ಟ್ರೈನು." ಗಾಡಿ ಸ್ಟಾರ್ಟ್ ಮಾಡಲು ಹಿಡಿಯುವ ಹೊತ್ತು ಈ ಲೆಕ್ಕದಲ್ಲಿ ಬರುವುದಿಲ್ಲ.

ಗಾಡಿ ಮೈಸೂರಿನ ಯೆಜ್ಡಿ ಬೈಕು. ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಅದು ಮಾಡಿದ ಸದ್ದು ಮಾತ್ರ ನಮ್ಮ ಬೀದಿಯಲ್ಲಿ ಇನ್ನೂ ಮುಂದುವರಿದಿದೆ. ಎರಡು ಸೈಲೆನ್ಸರು, ಒಂದೇ ಸಿಲಿಂಡರು; ಪೆಟ್ರೋಲಿಗೆ ಎಣ್ಣೆ ಬೆರೆಸಿ ಕುಡಿಸಬೇಕು. ಕಿಕ್ಕರ್ ಎಡಗಡೆ, ಅದನ್ನೇ ಮಡಚಿದರೆ ಗೇರು. ಚಳಿಗೆ ಎಂಜಿನ್ ಮರಗಟ್ಟಿರುತ್ತದೆ. ಅಣ್ಣ ಮೊದಲು ಬಗ್ಗಿ ಕಾರ್ಬ್ಯುರೇಟರಿನ ಪಕ್ಕದ ಸಣ್ಣ ಗುಂಡಿಯನ್ನು ಬೆರಳಿನಲ್ಲಿ ಒತ್ತಿ ಹಿಡಿಯುತ್ತಾರೆ. ಪೆಟ್ರೋಲು ತುಂಬಿ ಒಂದು ಹನಿ ಬೆರಳಿಗೆ ತಣ್ಣಗೆ ತಾಕಬೇಕು, ಅದೇ ಗುರುತು. ಆಮೇಲೆ ಕಿಕ್. ಮೊದಮೊದಲು ಕನ್ನಡದಲ್ಲಿ, "ಬಾರಮ್ಮಾ, ಟೈಮಾಯ್ತು" ಎಂದು ಮುದ್ದು. ಬಾರದಿದ್ದರೆ ತೆಲುಗಿನಲ್ಲಿ ಬೈಗುಳ. ಅದಕ್ಕೂ ಬಗ್ಗದಿದ್ದರೆ ತಮಿಳಿನಲ್ಲಿ ಮುರುಗನಿಗೆ ಮೊರೆ. ನಮ್ಮ ಊರಿನಲ್ಲಿ ಮೂರು ಭಾಷೆ ಬರುವುದು ಯಾರಿಗೂ ಹೆಚ್ಚಲ್ಲ, ಆದರೆ ಒಂದು ಗಾಡಿಗೆ ಮೂರೂ ಬೇಕಾಗುವುದನ್ನು ನಾನು ಇಲ್ಲೇ ಕಂಡದ್ದು. ಹಿಂದೆ ಗಣಿಯ ಶಿಫ್ಟಿನ ಸೈರನ್ ಊರನ್ನು ಎಬ್ಬಿಸುತ್ತಿತ್ತಂತೆ. ಈಗ ನಮ್ಮ ಬೀದಿಗೆ ಆ ಕೊರತೆಯಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರಿನಲ್ಲಿ, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿಯನ್ನು "ಆಟಿಕೆ" ಎಂದು ಕರೆಯುವ ಮನುಷ್ಯ ಇದ್ದಾನೆಂದರೆ ನಂಬಬೇಕು.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಪೇಪರಿನ ವಿಷಯ.

ಪೇಪರ್ ಹಾಕಿಸುವುದು ನಾನು. ತಿಂಗಳಿಗೆ ದುಡ್ಡು ಕೊಡುವುದು ನಾನು. ಹುಡುಗ ಗೇಟಿನೊಳಗೆ ಎಸೆದು ಹೋದ ಮರುಕ್ಷಣ "ಸಾರ್, ಪೇಪರ್ ತಗೊಂಡೆ" ಎಂಬ ಕೂಗು ಕೇಳಿಸುತ್ತದೆ. ಅದು ಅನುಮತಿ ಕೇಳುವ ಮಾತಲ್ಲ, ವರದಿ. ನಾನು ಹೊದಿಕೆ ಸರಿಸಿ ಏಳುವಷ್ಟರಲ್ಲಿ ಮುಖಪುಟ ಅಣ್ಣನ ಎದೆಯ ಮೇಲೆ, ಕ್ರೀಡಾಪುಟ ಹೊಟ್ಟೆಯ ಮೇಲೆ, ಮಧ್ಯದ ಪುಟಗಳು ಎರಡು ಮಡಿಕೆಯಾಗಿ ಪಕ್ಕೆಗಳ ಮೇಲೆ ಕೂತು, ಸ್ವೆಟರು ಇಳಿದು, ಕೋಟಿನ ಗುಂಡಿ ಬಿದ್ದಿರುತ್ತದೆ. ಬಣ್ಣದ ಪೂರ್ತಿ ಪುಟದ ಜಾಹೀರಾತು ಬಂದ ದಿನ ಅವರಿಗೆ ಹಬ್ಬ. ಆ ಕಾಗದ ದಪ್ಪವಂತೆ, ಗಾಳಿ ನುಗ್ಗುವುದಿಲ್ಲವಂತೆ. ಈಚೆಗೆ ಪುಟಗಳು ಕಡಿಮೆಯಾಗುತ್ತಿವೆ ಎಂದು ಪತ್ರಿಕೋದ್ಯಮದ ಭವಿಷ್ಯದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮರುಗಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಂಜೆ ಪೇಪರ್ ವಾಪಸು ಬರುತ್ತದೆ. ಬೆಚ್ಚಗಿರುತ್ತದೆ. ಮುದುಡಿ, ಮೆತ್ತಗಾಗಿ, ಪೆಟ್ರೋಲು ಮತ್ತು ಬೆವರಿನ ವಾಸನೆ ಹೊತ್ತು, ಅಕ್ಷರಗಳು ಅಲ್ಲಲ್ಲಿ ಅಂಗಿಗೆ ಹತ್ತಿಕೊಂಡು. ಒಂದು ಕಾಲದಲ್ಲಿ ದೇಶಕ್ಕೆ ಚಿನ್ನ ಅಗೆದುಕೊಟ್ಟ ಊರಿನಲ್ಲಿ ಅಂದಿನ ಚಿನ್ನದ ದರ ಅಳಿಸಿಹೋಗಿದೆ ಎಂದು ನಮ್ಮ ಮನೆಯಲ್ಲಿ ಗಲಾಟೆಯೂ ಆಗಿದೆ. ಕೊಳ್ಳುವ ಯೋಗ ನಮಗಿಲ್ಲ, ಆದರೂ ದರ ಗೊತ್ತಿರಬೇಕಲ್ಲ.

ನಾನೂ ಬೆಂಗಳೂರಿಗೆ ಹೋಗಬೇಕಾದ ದಿನಗಳಲ್ಲಿ ಹಿಂದಿನ ಸೀಟು ನನ್ನದು. ಆಗಿನ ಸಂಕಟವೇ ಬೇರೆ. ಮೂರು ಸ್ವೆಟರು ಹಾಕಿಕೊಂಡು ಅವರೆಕಾಯಿ ಮೂಟೆಯ ಹಾಗೆ ಅಣ್ಣನ ಬೆನ್ನಿಗೆ ಆತು ಕೂತಿರುತ್ತೇನೆ. ನನ್ನ ಮೂಗು ರೇನ್‌ಕೋಟಿಗೆ ಒತ್ತಿಕೊಂಡಿದೆ. ಅಲ್ಲಿಂದ ನಾಲ್ಕು ಬೆರಳು ಆಚೆಗೆ ನನ್ನದೇ ಪೇಪರು, ಅದರಲ್ಲಿ ಇಡೀ ಲೋಕದ ಸುದ್ದಿ, ಓದುವ ಉಪಾಯವಿಲ್ಲ. ಇನ್ನು ಗಾಳಿಯ ಸದ್ದಿಗೆ ಸರಿಯಾಗಿ ಕೇಳಿಸದ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡಲು ಅವರು ತಿರುಗಿದಾಗಲೆಲ್ಲ ಗಾಡಿಯೂ ತಿರುಗುತ್ತದೆ.

ಒಮ್ಮೆ ಭಾನುವಾರದ ಪುರವಣಿಯಲ್ಲಿ ನನ್ನದೊಂದು ಲೇಖನ ಬಂದಿತ್ತು. ಬರುತ್ತದೆಂದು ಬೀದಿಗೆಲ್ಲ ಮೊದಲೇ ಸಾರಿದ್ದೆ. ಅಣ್ಣನಿಗೆ ಆ ಭಾನುವಾರವೂ ಡ್ಯೂಟಿ. ಪುರವಣಿ ಅವರ ಎದೆಗೇ ಹೋಯಿತು. ಸಂಜೆ ತಾವಾಗಿಯೇ ನಮ್ಮ ಮನೆಗೆ ಬಂದರು, ಪುರವಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಸಾರ್, ನಿಮ್ಮ ಲೇಖನ ಬಾಳ ಚೆನ್ನಾಗಿತ್ತು" ಎಂದರು. ನನಗೆ ಸಂತೋಷವಾಯಿತು, ಕುಳ್ಳಿರಿಸಿ ಕಾಫಿ ತರಿಸಿದೆ. ಯಾವ ಭಾಗ ಹಿಡಿಸಿತು ಎಂದು ಕೇಳಿದೆ. ಅಣ್ಣ ಕಾಫಿ ಗುಟುಕರಿಸಿ ಹೇಳಿದರು: "ಒಂಚೂರೂ ಗಾಳಿ ಬಿಡಲಿಲ್ಲ ಸಾರ್."

ವಿಮರ್ಶಕರಿಂದ ಇದಕ್ಕಿಂತ ಒಳ್ಳೆಯ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಪೇಪರಿನ ಉಪಾಯ ಅವರ ಆವಿಷ್ಕಾರವೇನೂ ಅಲ್ಲ. ಫ್ರಾನ್ಸಿನಲ್ಲಿ ನಡೆಯುವ ದೊಡ್ಡ ಸೈಕಲ್ ರೇಸಿನಲ್ಲಿ ಸವಾರರು ಬೆಟ್ಟದ ತುದಿ ಮುಟ್ಟಿದ ಕೂಡಲೇ ಪೇಪರ್ ಈಸಿಕೊಂಡು ಅಂಗಿಯೊಳಗೆ ತುರುಕಿ, ಆಮೇಲೆ ಇಳಿಜಾರಿಗೆ ಬಿಡುತ್ತಿದ್ದರು. ಕಾಗದದ ಪದರಗಳ ನಡುವೆ ಗಾಳಿ ಸಿಕ್ಕಿ ನಿಲ್ಲುತ್ತದೆ. ನಿಂತ ಗಾಳಿ ಬೆಚ್ಚಗಿರುತ್ತದೆ, ಓಡುವ ಗಾಳಿ ಕೊರೆಯುತ್ತದೆ, ಅಷ್ಟೇ. ಇದನ್ನು ಯಾರೋ ಪುಣ್ಯಾತ್ಮರು ಅಣ್ಣನ ಕಿವಿಗೆ ಹಾಕಿದ ಮೇಲೆ ನನ್ನ ಪೇಪರಿಗೆ ಅಂತಾರಾಷ್ಟ್ರೀಯ ಸಮರ್ಥನೆ ಬಂತು. ಓಡುವ ಗಾಳಿಯ ಲೆಕ್ಕವನ್ನೂ ಅವರಿಗೆ ಹೇಳಿ ನೋಡಿದ್ದೇನೆ. ಅಮೆರಿಕ, ಕೆನಡಾದವರು 2001ರಲ್ಲಿ ಒಪ್ಪಿಕೊಂಡ ಸೂತ್ರದ ಪ್ರಕಾರ 10 ಡಿಗ್ರಿ ಚಳಿಯಲ್ಲಿ ಗಂಟೆಗೆ 60 ಕಿಲೋಮೀಟರ್ ಗಾಳಿ ಬಡಿದರೆ ಚರ್ಮಕ್ಕೆ ಅದು 5 ಡಿಗ್ರಿ. "ಅಂದ್ರೆ ನಿಧಾನ ಹೋಗಬೇಕು ಅಂತ ಸಾರ್?" ಎಂದು ಕೇಳಿ ಇನ್ನಷ್ಟು ಜೋರಾಗಿ ಹೋದರು.

ರಸ್ತೆಯಲ್ಲಿ ಚಳಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಇದು ಕಾರಿನವರಿಗೆ ತಿಳಿಯದು. ನೀಲಗಿರಿ ತೋಪಿನ ಪಕ್ಕ ಒಂದು ಚಳಿ, ದಿಬ್ಬದ ಮೇಲೆ ಇನ್ನೊಂದು. ಕೆರೆಯ ತಗ್ಗಿಗೆ ಇಳಿದ ಕೂಡಲೇ ರಾತ್ರಿಯೆಲ್ಲ ಅಲ್ಲಿ ಬಂದು ತಂಗಿದ ತಣ್ಣನೆಯ ಗಾಳಿ ಮೊಣಕಾಲಿನಿಂದ ಮೇಲಕ್ಕೆ ಏರುತ್ತದೆ. ಏರಿ ದಾಟಿ ನಾಲ್ಕು ಮನೆ ಕಾಣಿಸಿದರೆ ಸೌದೆ ಒಲೆಯ ಹೊಗೆ, ಹೊಗೆಯ ಜೊತೆ ಕೊಂಚ ಕಾವು. ಡಿಸೆಂಬರ್ ಆದರೆ ಅವರೆಯ ಸೊಗಡು. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಎಂದು ನಮ್ಮ ಕಡೆಯವರ ನಂಬಿಕೆ. ಹಿತಕಿದ ಬೇಳೆ ಸಾರು ತಿಂದವರು ಅನುಮಾನ ಪಡುವುದಿಲ್ಲ. ಯೆಜ್ಡಿ ಅಣ್ಣನಿಗೆ ಇದೆಲ್ಲ ಕಣ್ಣು ಮುಚ್ಚಿದರೂ ಗೊತ್ತು. "ಈಗ ಕೆರೆ ಬರತ್ತೆ, ಕಾಲು ಒಳಗೆ ಎಳ್ಕೊಳ್ಳಿ ಸಾರ್" ಎನ್ನುತ್ತಾರೆ. ಬರುತ್ತದೆ. ಗಾಡಿ ನಿಂತಲ್ಲೆಲ್ಲ ಕಾಲುಚೀಲ ಕಳಚಿ ಎಂಜಿನ್ನಿನ ರೆಕ್ಕೆಗಳ ಪಕ್ಕ ಅಂಗೈ ಒಡ್ಡುತ್ತಾರೆ. ಮೊದಲು ನನ್ನ ಕೈ ಹಿಡಿದು ಅಲ್ಲಿ ಇಡುತ್ತಾರೆ, ಆಮೇಲೆ ತಮ್ಮದು. ಇದನ್ನು ಬರೆಯದೆ ಹೋದರೆ ತಪ್ಪಾಗುತ್ತದೆ.

ಇವರ ವೀರಗರ್ವ ಇಳಿಯುವುದು ಒಬ್ಬರ ಎದುರಿಗೆ ಮಾತ್ರ. ಡೇರಿಗೆ ಹಾಲು ಸಾಗಿಸುವ ಟಿವಿಎಸ್ ಮೊಪೆಡ್ಡಿನವರ ಎದುರಿಗೆ. ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿ, ಮೈಗೊಂದು ಶರ್ಟು, ತಲೆಗೊಂದು ಟವೆಲು, ಮೊಣಕಾಲಿನ ಮೇಲಕ್ಕೆ ಕಟ್ಟಿದ ಲುಂಗಿ, ಕಾಲಿಗೆ ಹವಾಯಿ ಚಪ್ಪಲಿ. ಮಂಜಿನೊಳಗಿಂದ ಬಂದು, ನಮ್ಮನ್ನು ಹಿಂದೆ ಹಾಕಿ, ಬೀಡಿ ಸೇದುತ್ತಲೇ ಮಂಜಿನೊಳಗೆ ಹೋಗಿಬಿಡುತ್ತಾರೆ. ಅವರು ಚಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆಮೇಲೆ ಒಂದೆರಡು ಮೈಲಿ ಅಣ್ಣನೂ ಏನೂ ಹೇಳುವುದಿಲ್ಲ.

ಉಳಿದ ಲಕ್ಷಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ವರ್ಷ ಲಡಾಖಿಗೆ ಹೊರಡುತ್ತಾರೆ, ಮುಳಬಾಗಿಲು ದಾಟಿದ್ದು ನಾನು ಕಾಣೆ. ನೆಗಡಿಗೆ ಬಂಗಾರಪೇಟೆಯ ಪಾನಿಪುರಿಯೇ ಮದ್ದು ಎನ್ನುತ್ತಾರೆ. ನೋಡಲು ಬರೀ ನೀರಿನಷ್ಟು ತಿಳಿಯಾದ ಆ ಪಾನಿ ಗಂಟಲಿಗಿಳಿದರೆ ಮೂಗು, ಕಣ್ಣು ಎರಡೂ ಒಟ್ಟಿಗೆ ತೆರೆಯುತ್ತವೆ ಎಂಬುದು ನಿಜ. 2018ರ 'ಕೆಜಿಎಫ್' ಸಿನಿಮಾ ಆದಮೇಲೆ ಬೆಂಗಳೂರಿನಿಂದ ಗುಂಪು ಗುಂಪಾಗಿ ಬುಲೆಟ್ಟಿನಲ್ಲಿ ಬರುವ ಹುಡುಗರನ್ನು ಸೈನೈಡ್ ದಿಬ್ಬದ ದಾರಿ ಕೇಳಿದ ತಪ್ಪಿಗೆ ನಿಲ್ಲಿಸಿ, ಅವರ ಜರ್ಕಿನ್ನಿನ ಬೆಲೆ ವಿಚಾರಿಸಿ, "ಅಷ್ಟು ದುಡ್ಡಿಗೆ ಎಷ್ಟು ವರ್ಷ ಪೇಪರ್ ಬರತ್ತೆ ಗೊತ್ತಾ?" ಎನ್ನುತ್ತಾರೆ. ಸ್ವಂತ ದುಡ್ಡಿನಲ್ಲಿ ಒಂದು ದಿನದ ಪೇಪರ್ ಕೊಂಡವರಲ್ಲ.

ಸ್ವೆಟರಿನ ಮೇಲೆ ಹಾಕುವ ಆ ಕೋಟು ಅಣ್ಣನ ತಂದೆಯದು. ಇದು ನನಗೆ ತಿಳಿದದ್ದು ಬಂಗಾರಪೇಟೆ ಸ್ಟೇಷನ್ನಿನ ಟೀ ಅಂಗಡಿಯಲ್ಲಿ, ಅದರ ಕಿತ್ತುಹೋದ ಗುಂಡಿಯನ್ನು ನಾನು ಗೇಲಿ ಮಾಡಿದಾಗ. ತಂದೆ ಚಾಂಪಿಯನ್ ರೀಫಿನಲ್ಲಿ ಕೆಲಸದಲ್ಲಿದ್ದರು. ಆ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ತಳದಲ್ಲಿ ಬಂಡೆಯ ಕಾವೇ 60 ಡಿಗ್ರಿ ದಾಟುತ್ತಿತ್ತು. ಮನುಷ್ಯರು ಅಲ್ಲಿ ನಿಂತು ಕೆಲಸ ಮಾಡಲಿ ಎಂದು ಮೇಲುಗಡೆ ಯಂತ್ರ ಕೂರಿಸಿ, ಗಾಳಿಯನ್ನು ತಣ್ಣಗೆ ಮಾಡಿ ಕೆಳಗೆ ಕಳಿಸುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬೆವರಿನಲ್ಲಿ ತೊಯ್ದ ಮೈಯಲ್ಲೇ ಕೇಜಿನಲ್ಲಿ ಮೇಲೆ ಬಂದರೆ ಹೊರಗೆ ಪುಷ್ಯಮಾಸದ ಚಳಿ. ಕೋಟು ಅದಕ್ಕೆ.

"ನಮ್ಮಪ್ಪನ ಕಾಲದಲ್ಲಿ ಕಂಪನಿಯೋರು ಕಾಸು ಖರ್ಚು ಮಾಡಿ ಚಳಿ ಮಾಡಿ ಕೆಳಗೆ ಬಿಡ್ತಿದ್ರು ಸಾರ್" ಎಂದರು ಅಣ್ಣ, ಗ್ಲಾಸಿನ ತಳದ ಟೀ ಅಲ್ಲಾಡಿಸುತ್ತ. "ಅದು ಸಾಕಾಗ್ತಿರಲಿಲ್ಲ ಅಂತ ಅಪ್ಪ ಹೇಳೋರು. ಈಗ ಬಿಟ್ಟಿ ಸಿಗ್ತಿದೆ. ಬೇಡ ಅನ್ನೋಕಾಗತ್ತಾ?"

ನಾನು ಏನಾದರೂ ಹೇಳಬೇಕಿತ್ತು. ಗಣಿಯ ಬಗ್ಗೆ, ಅಲ್ಲಿ ದುಡಿದವರ ಬಗ್ಗೆ, ಅವರ ಮಕ್ಕಳು ಕತ್ತಲಲ್ಲಿ ಎದ್ದು ಬೆಂಗಳೂರಿಗೆ ಓಡುವುದರ ಬಗ್ಗೆ ಒಂದು ಒಳ್ಳೆಯ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಸೀನು ಬಂತು. ಅಣ್ಣ ಕೋಟಿನೊಳಗೆ ಕೈ ಹಾಕಿ, ನನ್ನ ಪೇಪರಿನಿಂದ ಸಂಪಾದಕೀಯದ ಅರ್ಧ ಪುಟ ಹರಿದು ಮೂಗು ಒರೆಸಿಕೊಳ್ಳಲು ಕೊಟ್ಟರು.

ಧನುರ್ಮಾಸದಲ್ಲಿ ನಮ್ಮ ಕಡೆ ಬಂದಾಗ ಯಾರಾದರೂ ಯೆಜ್ಡಿ ನಿಲ್ಲಿಸಿ, "ಬನ್ನಿ ಸಾರ್, ಬಂಗಾರಪೇಟೆಗೆ ಬಿಡ್ತೀನಿ" ಎಂದರೆ ಧಾರಾಳವಾಗಿ ಹತ್ತಿಕೊಳ್ಳಿ. ಅವರು ಬೀಳಿಸುವವರಲ್ಲ. ಆದರೆ ಕೈಯಲ್ಲಿ ಪೇಪರಿದ್ದರೆ ಅದನ್ನು ಮೊದಲು ಓದಿ ಮುಗಿಸಿಕೊಳ್ಳಿ.