‘ಮೊದ್ಲು ನನ್ ಮೇಲೆ ಕುಂತ್ಕಳಿ, ಆಮೇಲೆ ಪಾಠ ಹೇಳಿ’

ಕೊಪ್ಪ ಅಂದಕೂಡಲೇ ಮಲೆನಾಡಿನ ಕಾಫಿ ತೋಟಕ್ಕೆ ಹೊರಟವರು ದಯವಿಟ್ಟು ವಾಪಸ್ ಬನ್ನಿ. ಇದು ಮದ್ದೂರು ತಾಲ್ಲೂಕಿನ ಕೊಪ್ಪ. ಇಲ್ಲಿರುವುದು ಕಬ್ಬು, ಸಕ್ಕರೆ ಕಾರ್ಖಾನೆ, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳುವ ಬಸ್ಸು. ಇಷ್ಟು ಸಿಹಿ ಇದ್ದಮೇಲೆ ಹಲ್ಲಿನ ಆಸ್ಪತ್ರೆಯೂ ಇರಬೇಕಲ್ಲ. ವೈದ್ಯೆ ಊಟಕ್ಕೆ ಹೋಗಿದ್ದ ಹೊತ್ತು ನೋಡಿ ಅಂಥದೊಂದು ಆಸ್ಪತ್ರೆಯ ಕುರ್ಚಿಯನ್ನು ಮಾತಿಗೆಳೆದೆ. ಬೆಂಗಳೂರಿನಲ್ಲಿ ಒಂದು ಕೈ ದಾಟಿ ಬಂದದ್ದು. ರೆಕ್ಸಿನ್ ಎರಡು ಕಡೆ ಬಿರಿದಿದೆ, ಉಗುಳುವ ಬಟ್ಟಲಿನ ನಲ್ಲಿ ಸದಾ ತೊಟ್ಟಿಕ್ಕುತ್ತದೆ. ನಾಲಿಗೆ ಮಾತ್ರ ಹರಿತ.

ನಮಸ್ಕಾರ. ಗೋಡೆ ತುಂಬ ಸರ್ಟಿಫಿಕೇಟು ಇದೆಯಲ್ಲ?

ಎಲ್ಲ ನಮ್ ಮೇಡಮ್ಮೋರ್ದು ಕಣಪ್ಪ. ಆ ಸಣ್ಣ ಫ್ರೇಮು ಬಿಡಿಎಸ್ಸು. ಇಂಟರ್ನ್‌ಶಿಪ್ಪೂ ಸೇರಿ ಐದ್ ವರ್ಷ ಓದಿದ್ದು. ಪಕ್ಕದಲ್ಲಿ ಚಿನ್ನದ ಅಂಚಿನ ದೊಡ್ಡ ಫ್ರೇಮು ಐತಲ್ಲ, ಅದು ಎರಡ್ ದಿನದ್ದು.

ಎರಡು ದಿನದಲ್ಲಿ ಏನು ಕಲಿಸಿದರಂತೆ?

ಆಸ್ಪತ್ರೆ ಬೆಳೆಸೋದು. ಬೆಂಗ್ಳೂರ್ ಹೋಟೆಲು, ಕೋಟು ಹಾಕ್ಕಂಡ ಕೋಚು, 40,000 ರೂಪಾಯಿ, ಮಧ್ಯಾಹ್ನಕ್ಕೆ ಪನೀರು. ಕೊಪ್ಪ ಅಂದೇಟ್ಗೆ ಆವಯ್ಯ ಮೊಬೈಲಲ್ಲಿ ನೋಡ್ಬುಟ್ಟು, ‘ನಿಮ್ಗೇನ್ ಮೇಡಂ, ಎಲ್ಲ ಕಾಫಿ ಪ್ಲಾಂಟರ್ಸು’ ಅಂದನಂತೆ. ಚಿಕ್ಕಮಗಳೂರು ಜಿಲ್ಲೆ ಕೊಪ್ಪ ನೋಡವ್ನೆ! ನಮ್ ಮೇಡಮ್ಮೋರು ದಾಕ್ಷಿಣ್ಯಕ್ಕೆ ಸುಮ್ನಾದ್ರು. ಆ ಕಾಫಿ ತೋಟದ ಲೆಕ್ಕದಲ್ಲೇ ನಮ್ಗೆ ಪಾಠ ಆಗೋಯ್ತು.

ಪಾಠ ಇಲ್ಲಿಗೆ ಹೊಂದಿತೇ?

ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರ್ ಪ್ಯಾಕೇಜು. ಒಂದಜ್ಜಿಗೆ ಗೋಲ್ಡ್ ಪ್ಲಾನು ವಿವರ್ಸಿದ್ರು. ‘ಚಿನ್ನ ಯಾಕವ್ವಾ ಈ ವಯಸ್ಸಲ್ಲಿ, ನೋಯ್ತಾ ಇರೋದು ಕಿತ್ತಾಕು’ ಅಂದ್ಬುಟ್ಟು ಬಾಯ್ ತಗುದ್ಲು. ಆಮೇಲೆ ತಿಂಗಳ ಕಂತು. ಇಲ್ಲಿ ತಿಂಗಳ ಸಂಬಳ ಎಷ್ಟ್ ಜನಕ್ಕೈತೆ? ಕಬ್ಬು ಕಡಿಯಕ್ಕೆ ಹೆಚ್ಚುಕಮ್ಮಿ ವರ್ಷ ಕಾಯ್ಬೇಕು. ಸಾಗಿಸಿದ 14 ದಿನದೊಳಗೆ ದುಡ್ಡು ಕೊಡ್ಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳ್ತದೆ. ಹಲ್ಲು ಅದನ್ನ ಓದ್ಕಂಡು ನೋಯಲ್ಲವಲ್ಲ. ‘ಬಿಲ್ ಆಗ್ಲಿ, ಬತ್ತೀನಿ’ ಅನ್ನೋ ಮಾತು ನನ್ ಮೇಲೆ ದಿನಕ್ಕೆ ನಾಕ್ ಸಲ ಬೀಳ್ತದೆ. ಅದಕ್ಕೇನ್ ಉತ್ತರ ಹೇಳ್ಬೇಕು ಅಂತ ಕೋಚಿನ ಸ್ಲೈಡಲ್ಲಿ ಇರ್ಲಿಲ್ಲ. ಊರಬಾಗ್ಲಲ್ಲಿ ‘ನಂಬರ್ ಒನ್’ ಅಂತ ಬ್ಯಾನರ್ ಕಟ್ಸಿ ಅಂತ ಮಾತ್ರ ಇತ್ತು. ದಂತವೈದ್ಯರು ಹಂಗೆ ಸಾರ್ಕೊಂಡು ಗಿರಾಕಿ ಕರೀಬಾರ್ದು ಅಂತ ಡೆಂಟಲ್ ಕೌನ್ಸಿಲ್ಲಿನ 2014ರ ನೀತಿಸಂಹಿತೆ ಐತೆ. ಅದನ್ನ ಹೇಳಿದ್ರೆ ಕೋಚಿನ ಅರ್ಧ ಪಾಠ ಅಲ್ಲೇ ಮುಗೀತದೆ.

ಹಾಗಾದರೆ ತರಬೇತಿಯೇ ದಂಡ ಅನ್ನುತ್ತೀರಿ.

(ನಲ್ಲಿ ಎರಡು ಸಲ ತೊಟ್ಟಿಕ್ಕಿತು.) ನಾನೆಲ್ಲಪ್ಪಾ ಹಂಗಂದೆ? ಪತ್ರಿಕೆಯೋರು ಸುಮ್ ಸುಮ್ನೆ ಮಾತು ತಿರುಗಿಸ್ತೀರಿ. ಹೋದ್ ವರ್ಷ ಒಂದ್ ಭಾನುವಾರ ಹಲ್ಲಿನ ಕಾಲೇಜಲ್ಲಿ ಕೆಲ್ಸ ಮಾಡಿ ರಿಟೈರಾದ ಒಬ್ಬ ನರ್ಸಮ್ಮ ಬಂದಿದ್ರು. ಮೊದ್ಲು ನನ್ ಮೇಲೆ ಕುಂತ್ಕಂಡ್ರು, ಒಂದ್ ಗಳಿಗೆ, ಸುಮ್ನೆ. ರೋಗಿಗೆ ಏನ್ ಕಾಣ್ತದೆ ಅಂತ ನೋಡಕ್ಕೆ. ಏನ್ ಕಾಣ್ತದೆ? ಫ್ಯಾನಿನ ರೆಕ್ಕೆ ಮೇಲಿರೋ ಧೂಳು. ಮೊದಲ್ನೇ ಪಾಠ ಅದೇ ಆಯ್ತು. ಆಮೇಲೆ ಮೇಡಮ್ಮೋರ್ನ ಬಿಟ್ಟು ನಮ್ ಹುಡ್ಗೀನ ಕರೆದ್ರು.

ಯಾವ ಹುಡುಗಿ?

ನನ್ ಪಕ್ಕ ನಿಂತು ಎಂಜಲೆಳೆಯೋ ಪೈಪ್ ಹಿಡೀತಾಳಲ್ಲ, ಅವ್ಳು. 1948ರ ದಂತವೈದ್ಯರ ಕಾಯಿದೆಯಲ್ಲಿ ಡಾಕ್ಟ್ರು ಇದ್ರು, ಹೈಜಿನಿಸ್ಟು ಇದ್ರು, ಹಲ್ಲಿನ ಸೆಟ್ ಮಾಡೋ ಮೆಕ್ಯಾನಿಕ್ಕೂ ಇದ್ರು. ಇವ್ಳು ಹುಡುಕಿದ್ರೂ ಸಿಗ್ತಿರ್ಲಿಲ್ಲ. ಪಿಯುಸಿ ಮುಗಿಸ್ಕಂಡು ಬಂದ್ಲು, ನೋಡ್ ನೋಡ್ತಾ ಕಲ್ತ್ಲು. ಆಸ್ಪತ್ರೆ ನಡೆಯೋದು ಇವ್ಳ ಕೈಯಲ್ಲಿ. ಆದ್ರೂ ಕೋಚು ಇವ್ಳ ಹೆಸ್ರೂ ಕೇಳಿರ್ಲಿಲ್ಲ.

ನರ್ಸಮ್ಮ ಏನು ಹೇಳಿಕೊಟ್ಟರು?

ತೊಳೆಯೋದು. ನಗ್ಬೇಡಪ್ಪ! ಆಟೋಕ್ಲೇವ್ ಅಂದ್ರೆ ಹೆಚ್ಚುಕಮ್ಮಿ ಪ್ರೆಷರ್ ಕುಕ್ಕರಿನ ದೊಡ್ಡಪ್ಪ. 121 ಡಿಗ್ರಿ, 15 ಪೌಂಡ್ ಒತ್ತಡ. ಅದ್ರೊಳಗೆ ಹಾಕ್ಬುಟ್ರೆ ಎಲ್ಲ ಸತ್ತೋಯ್ತದೆ ಅಂತ ಇವ್ಳು ನಂಬಿದ್ಲು. ರಕ್ತ ಒಣಗಿ ಅಂಟ್ಕಂಡಿದ್ರೆ ಹಬೆ ಅದ್ರ ಅಡೀಗೆ ಹೋಗಲ್ಲ. ಮೊದ್ಲು ಉಜ್ಜಿ ತೊಳೀಬೇಕು, ಒರೆಸ್ಬೇಕು, ಪೊಟ್ಟಣ ಕಟ್ಬೇಕು. ಬಸ್ಸಲ್ಲಿ ಜನ ತುಂಬಿದಂಗೆ ತುಂಬ್ಬಾರ್ದು. ಇನ್ನೊಂದು ಮಾತು ಹೇಳಿದ್ರು: ಪೊಟ್ಟಣದ ಮೇಲಿನ ಟೇಪು ಬಣ್ಣ ತಿರುಗಿದ್ರೆ ಕಾವು ತಾಗಿತು ಅಂತಷ್ಟೇ ಅರ್ಥ, ಕ್ರಿಮಿ ಸತ್ತಿತೋ ಇಲ್ವೋ ತಿಳಿಯಕ್ಕೆ ಸ್ಪೋರ್ ಟೆಸ್ಟೇ ಆಗ್ಬೇಕು ಅಂತ. ಮೇಡಮ್ಮೋರ ಮುಖ ಸಣ್ಣಗಾಯ್ತು. ಆ ಟೇಪನ್ನೇ ನಂಬ್ಕಂಡಿದ್ದೋರು ಅವ್ರೂ.

ಇದರಿಂದ ಆದಾಯ ಹೆಚ್ಚುತ್ತದೆಯೇ?

ಕೋಚೂ ಇದೇ ಕೇಳ್ತಿದ್ದ. ಕೇಳಿಲ್ಲಿ. ನಮ್ ದೊಡ್ಡ ನಷ್ಟ ಬ್ಯಾನರ್ ಇಲ್ದೇ ಇರೋದಲ್ಲ. ಬೇರು ಚಿಕಿತ್ಸೆ ಅರ್ಧ ಆಯ್ತದೆ, ನೋವು ನಿಲ್ತದೆ, ಆಸಾಮಿ ನಾಪತ್ತೆ. ಆರ್ ತಿಂಗ್ಳಿಗೆ ಕೆನ್ನೆ ಊದಿಸ್ಕಂಡು ಬತ್ತಾನೆ. ನರ್ಸಮ್ಮ ಹುಡ್ಗೀಗೆ ಹೇಳಿದ್ರು, ಮಾರ್ನೇ ದಿನ ಫೋನ್ ಮಾಡು, ನಿಮ್ಮೂರ ಮಾತಲ್ಲೇ ಹೇಳು. ಇವ್ಳು ಹೇಳ್ತಾಳೆ: ‘ಅಣ್ಣ, ಬೋರ್‌ವೆಲ್ ಮೋಟ್ರು ಸುಟ್ಟೋಗಿ ಸದ್ದು ನಿಂತ್ರೆ ರಿಪೇರಿ ಆಯ್ತು ಅಂತೀರಾ? ನಿಮ್ ಹಲ್ಲಲ್ಲೂ ನರ ಸತ್ತೈತೆ, ಅದ್ಕೇ ನೋವಿಲ್ಲ. ಒಳಗಿನ ಕೀವು ಹಂಗೇ ಐತೆ.’ ಜನ ಬತ್ತಾವ್ರೆ. ಆ ಮೋಟ್ರಿನ ಮಾತು ಯಾವ ಕೋಚೂ ಹೇಳ್ಕೊಟ್ಟಿದ್ದಲ್ಲ. ಅವ್ಳಪ್ಪನ ಗದ್ದೇಲಿ ಮೂರ್ ಮೋಟ್ರು ಸುಟ್ಟವೆ.

ಇಂಪ್ಲಾಂಟ್ ಕೋರ್ಸುಗಳ ಬಗ್ಗೆ?

ಕುರಿ ದವಡೆ ಮೇಲೆ ಕಲಿಸ್ತಾರೆ, ತಪ್ಪಿಲ್ಲ, ಕೈ ಪಳಗಬೇಕು. ಬಂಡೂರು ಕುರಿ ನಮ್ ಪಕ್ಕದ ಮಳವಳ್ಳೀದೇ. ಬೇಕಾದ್ರೆ ದವಡೆ ನಾವೇ ಕಳಿಸ್ತೀವಿ! ಆದ್ರೆ ಕುರಿ ‘ಅಯ್ಯೋ’ ಅನ್ನಲ್ಲ, ಬೀಡಿ ಸೇದಲ್ಲ, ಕುರೀಗೆ ಸಕ್ಕರೆ ಕಾಯಿಲೆ ಇರಲ್ಲ. ನಿಜವಾದ ರೋಗಿ ಮೇಲೆ ಮೊದಲ್ನೇ ಸಲ ಕೈಯಿಡುವಾಗ ಕಲಿಸ್ದೋರು ಪಕ್ಕ ನಿಲ್ತಾರಾ, ಅದನ್ನ ಕೇಳ್ಬೇಕು. ಕಲಿಸ್ದೋನೇ ಕೊನೆಗೆ ಸ್ಕ್ರೂ ಡಬ್ಬಿ ಮಾರಕ್ಕೆ ನಿಂತ್ರೆ ಅದು ಪಾಠ ಅಲ್ಲ, ಅಂಗಡಿ. ನಮ್ ಡಾಕ್ಟ್ರುಗಳು ‘ಕೋರ್ಸಿಗೆ ಎಷ್ಟ್ ಕ್ರೆಡಿಟ್ ಪಾಯಿಂಟ್ ಕೊಡ್ತೀರಿ’ ಅಂತ ಕೇಳ್ತಾರೆ, ‘ಮೂರ್ ತಿಂಗ್ಳ ಮೇಲೆ ಬಂದು ನೋಡ್ತೀರಾ’ ಅಂತ ಕೇಳಲ್ಲ. ನರ್ಸಮ್ಮ ಮತ್ತೆ ಬಂದ್ರು. ರಿಜಿಸ್ಟ್ರು ತಗುಸಿ, ಎರಡ್ನೇ ಸಲಕ್ಕೆ ಎಷ್ಟ್ ಜನ ವಾಪಸ್ ಬಂದ್ರು ಅಂತ ಬೆರಳಿಟ್ಟು ಎಣಿಸಿದ್ರು.

ಅವರ ಸರ್ಟಿಫಿಕೇಟು ಗೋಡೆಯ ಮೇಲೆ ಕಾಣಲಿಲ್ಲ.

ಕೊಟ್ಟಿದ್ರೆ ತಾನೆ? ಬಸ್ ಚಾರ್ಜು ತಗಂಡು, ಮದ್ದೂರು ವಡೆ ಕಟ್ಟಿಸ್ಕಂಡು ಹೋದ್ರು.

ಓದುಗರಿಗೆ ಏನಾದರೂ ಹೇಳುತ್ತೀರಾ?

ಒಂದ್ ಪ್ರಕಟಣೆ ಹಾಕಿ. ಹೋದ ಸಂಕ್ರಾಂತಿ ವಾರ, ಬಲಗಡೆ ಕೆಳಗಿನ ದವಡೆ ಹಲ್ಲಿಗೆ ತಾತ್ಕಾಲಿಕ ಸಿಮೆಂಟು ಹಾಕಿಸ್ಕಂಡು, ಕಬ್ಬಿನ ಬಿಲ್ ಆದ್ಮೇಲೆ ಬತ್ತೀನಿ ಅಂದೋರು ಇನ್ನೂ ಬಂದಿಲ್ಲ. ಆ ಸಿಮೆಂಟು ಕೆಲವೇ ವಾರದ್ದು. ಬನ್ನಿ. ಬಿಲ್ ಆಗ್ದಿದ್ರೂ ಬನ್ನಿ, ಮೇಡಮ್ಮೋರು ಬರ್ಕಂತಾರೆ.